ಅವಧಿ ಕ್ರಯ: ಬಾಯಿಮಾತು ಒಂದು, ಪತ್ರ ಇನ್ನೊಂದು

ಕಳೆದ ಎರಡು ಜುಮಾಗಳಲ್ಲಿ ಸೂರಃ ಅಲ್-ಬಕರದ 282ನೇ ಆಯತ್ ಬಗ್ಗೆ ಖುತ್ಬಾದಲ್ಲಿ ಹೇಳಿದ್ದೆ. ಪವಿತ್ರ ಕುರ್‌ಆನ್‌ನ ಅತ್ಯಂತ ಉದ್ದದ ಆಯತ್ ಅದು. ಅದು ಇರುವುದು ನಮಾಜಿನ ಬಗ್ಗೆಯೂ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ, ಸಾಲದ ಕಾಗದದ ಬಗ್ಗೆ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಲ ಪಡೆದವನೇ ಹೇಳಿ ಬರೆಯಿಸಬೇಕು, ಸಾಕ್ಷಿಗಳಿರಬೇಕು, ಚಿಕ್ಕ ಸಾಲವೆಂದು ಬರೆಯಲು ಬೇಸರಪಡಬಾರದು ಎಂದು ಅಲ್ಲಾಹನು ಒಂದೊಂದಾಗಿ ಕಲಿಸಿದ್ದಾನೆ.

ನಮಾಜ್ ಮುಗಿದ ಮೇಲೆ ಬಂದು ಕೇಳಿದವರ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. "ಹಜರತ್, ಮನೆ ಮೇಲೆ ಸಾಲ ತಗೊಂಡಿದ್ವಿ. ಕ್ರಯ ಪತ್ರ ಬರೆಸ್ಕೊಂಡ್ರು. ಹಣ ಕೊಟ್ಟ ದಿನ ವಾಪಸ್ ಬರ್ಕೊಡ್ತೀವಿ ಅಂತ ನಾಲ್ಕು ಜನರ ಮುಂದೆ ಮಾತು ಕೊಟ್ಟಿದ್ರು. ಈಗ ಹಣ ತಗೊಂಡು ಹೋದ್ರೆ ಮನೆ ನಮ್ದೇ ಅಂತಾರೆ." ಕಡೂರಿನ ಕಡೆ ತೆಂಗಿನ ತೋಟ, ತರೀಕೆರೆಯಲ್ಲಿ ಅಡಿಕೆ ತೋಟ, ಅಜ್ಜಂಪುರದಲ್ಲಿ ಈರುಳ್ಳಿ ಹೊಲ, ಪೇಟೆಯಲ್ಲಿ ಎರಡು ಕೋಣೆಯ ಮನೆ. ಆಸ್ತಿ ಬೇರೆ ಬೇರೆ, ಕಥೆ ಒಂದೇ.

ಇದಕ್ಕೆ ನಮ್ಮ ಕಡೆ ಅವಧಿ ಕ್ರಯ ಎನ್ನುತ್ತಾರೆ. ಹುಬ್ಬಳ್ಳಿ ಕಡೆಯವರು ಮುದ್ದತ್ತು ಕ್ರಯ ಎನ್ನುವುದುಂಟು. ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ 'ಬೈಉಲ್ ವಫಾ' ಎಂದು ಹೆಸರು, ಅಂದರೆ ಮಾತು ಉಳಿಸಿಕೊಳ್ಳುವ ವ್ಯಾಪಾರ. ಮಾತು ಉಳಿಯದೇ ಹೋದ ಕಥೆಗಳೇ ಅದರ ಚರಿತ್ರೆಯ ತುಂಬ ಇವೆ. ಆ ಚರಿತ್ರೆ ತಿಳಿದರೆ ನಮ್ಮ ಜಗಳ ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಗೆಹರಿಯುತ್ತದೆ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಈ ಸಲ ಖುತ್ಬಾದ ಸಾರಾಂಶದ ಜೊತೆ ಇದನ್ನೂ ಬರೆಯುತ್ತಿದ್ದೇನೆ.

ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ಒಂದು ಪದ್ಧತಿಯಿತ್ತು. ಸಾಲ ಪಡೆಯುವವನು ಒಂದು ವಸ್ತುವನ್ನು ಗಿರವಿ ಇಡುತ್ತಿದ್ದ. ಇಂಥ ದಿನ ಹಣ ತಂದರೆ ಸರಿ, ತರದಿದ್ದರೆ ವಸ್ತು ನಿನ್ನದೇ ಎಂದು ಒಪ್ಪಂದ. ದಿನ ಕಳೆದರೆ ಹತ್ತು ದಿನಾರಿನ ಸಾಲಕ್ಕೆ ನೂರು ದಿನಾರಿನ ವಸ್ತು ಹೋಗುತ್ತಿತ್ತು. ಗಿರವಿ ಹೀಗೆ ಮುಚ್ಚಿಹೋಗಕೂಡದು, ಅದರ ಲಾಭವೂ ನಷ್ಟವೂ ಇಟ್ಟವನದೇ ಎಂದು ಪ್ರವಾದಿವರ್ಯರು(ಸ) ಈ ಪದ್ಧತಿಯನ್ನು ತಡೆದರು. ಇಮಾಮ್ ಮಾಲಿಕ್(ರ) ತಮ್ಮ ಮುವತ್ತಾದಲ್ಲಿ ಇದನ್ನು ವಿವರಿಸುವಾಗ, ಅವಧಿ ಮುಗಿದರೆ ಗಿರವಿ ನಿನ್ನದು ಎಂಬ ಷರತ್ತೇ ಇಲ್ಲಿ ನಿಷೇಧವಾದದ್ದು ಎಂದು ಸ್ಪಷ್ಟ ಮಾಡಿದ್ದಾರೆ. ಗಿರವಿ ಇಡುವುದೇ ತಪ್ಪೆಂದು ಯಾರೂ ಹೇಳಲಿಲ್ಲ. ಪ್ರವಾದಿವರ್ಯರು(ಸ) ವಫಾತ್ ಆದಾಗ ಅವರ ಯುದ್ಧಕವಚ ಮೂವತ್ತು ಸಾಅ್ ಜವೆಗೋಧಿಗಾಗಿ ಮದೀನಾದ ಒಬ್ಬ ಯಹೂದಿಯ ಬಳಿ ಒತ್ತೆಯಲ್ಲಿತ್ತು ಎಂದು ಬುಖಾರಿಯಲ್ಲಿದೆ.

ಇಷ್ಟು ಸ್ಪಷ್ಟವಾಗಿದ್ದ ವಿಷಯ ಗೋಜಲಾದದ್ದು ನಾಲ್ಕೈದು ಶತಮಾನಗಳ ಬಳಿಕ, ಬುಖಾರಾ, ಸಮರ್ಖಂದ್, ಬಲ್ಖ್‌ಗಳ ಕಡೆ. ಅಲ್ಲಿನ ತೋಟದ ಒಡೆಯರಿಗೆ, ಕುಶಲಕರ್ಮಿಗಳಿಗೆ ಸಾಲ ಬೇಕಿತ್ತು. ಹಣವಂತರು ಲಾಭವಿಲ್ಲದೆ ಸಾಲ ಕೊಡಲು ಮುಂದೆ ಬರುತ್ತಿರಲಿಲ್ಲ, ಬಡ್ಡಿಯಂತೂ ಹರಾಮ್. ಆಗ ಹೊರಟ ಉಪಾಯವೇ ಬೈಉಲ್ ವಫಾ. ತೋಟವನ್ನು 'ಮಾರುವುದು'; ಹಣ ಹಿಂದಿರುಗಿಸಿದ ದಿನ ಕೊಂಡವನು ಅದನ್ನು ಬಿಟ್ಟುಕೊಡುವುದು; ನಡುವೆ ತೋಟದ ಫಸಲು ಕೊಂಡವನಿಗೆ. ಕಾಗದದಲ್ಲಿ ವ್ಯಾಪಾರ, ಮನಸ್ಸಿನಲ್ಲಿ ಸಾಲ.

ನಮ್ಮ ಹನಫಿ ಉಲಮಾಗಳು ಇದರ ಬಗ್ಗೆ ಬಹಳ ಚರ್ಚೆ ಮಾಡಿದ್ದಾರೆ. ಹಿಜರಿ 537ರಲ್ಲಿ ತೀರಿಕೊಂಡ ನಜ್ಮುದ್ದೀನ್ ನಸಫಿಯವರಂಥ ದೊಡ್ಡವರು ಜನರ ಅಗತ್ಯ ನೋಡಿ ಇದಕ್ಕೆ ಅವಕಾಶ ಕೊಟ್ಟರು. ಸಮರ್ಖಂದಿನ ಅಬೂ ಶುಜಾ ಮೊದಲಾದವರು, ಇದು ವ್ಯಾಪಾರವೇ ಅಲ್ಲ, ಗಿರವಿಯೇ, ಆದ್ದರಿಂದ ಫಸಲು ತಿನ್ನಲು ಸಾಲ ಕೊಟ್ಟವನಿಗೆ ಹಕ್ಕಿಲ್ಲ ಎಂದರು. ಇದರಿಂದ ದೊಡ್ಡ ಕೆಡುಕಾಗುತ್ತಿದೆ, ಇಮಾಮರೆಲ್ಲ ಕೂಡಿ ಒಂದು ತೀರ್ಮಾನಕ್ಕೆ ಬಂದು ಜನರಿಗೆ ಸಾರಿ ಹೇಳೋಣ ಎಂದು ಅವರು ಇನ್ನೊಬ್ಬ ಆಲಿಮರ ಮುಂದೆ ಹೇಳಿದ ಮಾತು ಫಿಕ್ಹ್ ಗ್ರಂಥಗಳಲ್ಲಿ ಉಳಿದಿದೆ. ಮದ್ರಸಾದಲ್ಲಿ ಓದುವಾಗ ನನಗೆ ಈ ಪುಟ ಬಹಳ ಇಷ್ಟವಾಗಿತ್ತು. ಒಂಬೈನೂರು ವರ್ಷ ಹಿಂದಿನ ಆ ಮಾತನ್ನು ನಮ್ಮ ತಾಲ್ಲೂಕಿನ ಯಾವ ಜಮಾಅತ್ ಸಭೆಯಲ್ಲೂ ಇವತ್ತು ಹಾಗೆಯೇ ಆಡಬಹುದು.

ಒಟ್ಟೊಮನ್ ಸರ್ಕಾರ 1869ರಿಂದ 1876ರವರೆಗೆ ಹೊರತಂದ ಮಜಲ್ಲಾ ಎಂಬ ಕಾನೂನು ಸಂಹಿತೆ ಈ ಚರ್ಚೆಯನ್ನು ತನ್ನ ಮೂರನೇ ಕಲಮಿನಲ್ಲೇ ತಂದಿತು. ಒಪ್ಪಂದದಲ್ಲಿ ನೋಡಬೇಕಾದದ್ದು ಉದ್ದೇಶ ಮತ್ತು ಅರ್ಥವನ್ನು, ಬರೀ ಶಬ್ದವನ್ನಲ್ಲ ಎಂಬ ನಿಯಮ ಹೇಳಿ, ಉದಾಹರಣೆಗೆ ಕೊಟ್ಟದ್ದು ಇದನ್ನೇ: ಬೈಉಲ್ ವಫಾಕ್ಕೆ ಗಿರವಿಯ ನಿಯಮ ಅನ್ವಯಿಸುತ್ತದೆ. 1992ರ ಮೇ ತಿಂಗಳಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇನ್ನೂ ಮುಂದೆ ಹೋಗಿ, ಇದು ಲಾಭ ಎಳೆಯುವ ಸಾಲವೇ, ಜಾಯಿಜ್ ಅಲ್ಲ ಎಂದು ತೀರ್ಮಾನಿಸಿತು.

ಇದೇ ಪದ್ಧತಿ ಹಿಂದುಸ್ತಾನಕ್ಕೂ ಬಂದಿತ್ತು. ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ದಿವಾನಿ ಹಿಡಿದಾಗ ಅಲ್ಲಿ ಬೈ-ಬಿಲ್-ವಫಾ ಪತ್ರಗಳು ಸಾಮಾನ್ಯವಾಗಿದ್ದವು, ಅವುಗಳ ಮೋಸವೂ ಸಾಮಾನ್ಯವಾಗಿತ್ತು. ಹಣ ಕೊಡಬೇಕಾದ ಕೊನೆಯ ದಿನ ಸಾಲಗಾರ ಚೀಲ ಹಿಡಿದು ಬಂದರೆ ಸಾಹುಕಾರ ಕೈಗೆ ಸಿಗುತ್ತಿರಲಿಲ್ಲ. ಸಿಕ್ಕರೂ ಹಣ ಮುಟ್ಟುತ್ತಿರಲಿಲ್ಲ. ಸೂರ್ಯ ಮುಳುಗಿದರೆ ಭೂಮಿ ಅವನದು. ಇದನ್ನು ತಡೆಯಲೆಂದೇ 1798ರಲ್ಲಿ ಕಂಪನಿ ಸರ್ಕಾರ ಒಂದು ರೆಗ್ಯುಲೇಶನ್ ಮಾಡಿತು: ಸಾಹುಕಾರ ಹಣ ತೆಗೆದುಕೊಳ್ಳದಿದ್ದರೆ ದಿವಾನಿ ಅದಾಲತ್ತಿನಲ್ಲಿ ಠೇವಣಿ ಇಡಬಹುದು, ಅಲ್ಲಿಗೆ ಸಾಲಗಾರನ ಹಕ್ಕು ಉಳಿಯುತ್ತದೆ. 1806ರ ಇನ್ನೊಂದು ರೆಗ್ಯುಲೇಶನ್, ಕೋರ್ಟಿನ ಮೂಲಕ ನೋಟಿಸು ಕೊಟ್ಟ ಮೇಲೆ ಒಂದು ವರ್ಷದ ಗಡುವನ್ನು ಸಾಲಗಾರನಿಗೆ ಕೊಟ್ಟಿತು.

ಈ ಠೇವಣಿಯ ದಾರಿ ಇವತ್ತಿಗೂ ಜೀವಂತವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 83ನೇ ಕಲಂ ಅದೇ. ಅಡಮಾನದ ಹಣವನ್ನು ಸಾಲ ಕೊಟ್ಟವರು ತೆಗೆದುಕೊಳ್ಳಲು ನಿರಾಕರಿಸಿದರೆ ನ್ಯಾಯಾಲಯದಲ್ಲಿ ಕಟ್ಟಬಹುದು. "ಹಣ ತಗೊಳ್ತಾ ಇಲ್ಲ, ಏನು ಮಾಡೋದು" ಎಂದು ಕೈಚೆಲ್ಲಿ ಕೂತವರು ನಮ್ಮಲ್ಲಿ ಎಷ್ಟೋ ಮಂದಿ. ಅವರಲ್ಲಿ ಈ ಕಲಮಿನ ಹೆಸರು ಕೇಳಿದವರು ಕಡಿಮೆ.

ದಕ್ಷಿಣದಲ್ಲಿ ಸಂಗತಿ ಬೇರೆಯಾಗಿತ್ತು. 1870ರಲ್ಲಿ ಮದ್ರಾಸಿನ ಒಂದು ಮೊಕದ್ದಮೆಯಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಪತ್ರದಲ್ಲಿ ಬರೆದದ್ದೇ ಅಂತಿಮ, ಅವಧಿ ಮೀರಿದರೆ ಕ್ರಯ ಪೂರ್ತಿ ಎಂದು ತೀರ್ಪು ಕೊಟ್ಟಿತು. 1875ರ ಇನ್ನೊಂದು ಮದ್ರಾಸ್ ಮೊಕದ್ದಮೆಯಲ್ಲಿ ಅದೇ ಮಾತು ಹೇಳಿ, ಇದನ್ನು ಸರಿಪಡಿಸುವುದು ಕಾನೂನು ಮಾಡುವವರ ಕೆಲಸ ಎಂದಿತು. 1882ರ ಕಾಯ್ದೆಯಲ್ಲಿ ಅದು ಸರಿಹೋಯಿತು. ಅಡಮಾನವೆಂದ ಮೇಲೆ ಬಿಡಿಸಿಕೊಳ್ಳುವ ಹಕ್ಕನ್ನು ಬರೀ ಷರತ್ತಿನಿಂದ ಕಿತ್ತುಕೊಳ್ಳಲಾಗದು ಎಂಬುದು ಗಟ್ಟಿಯಾಯಿತು. ಹದೀಸಿನಲ್ಲಿ ಬಂದ ನಿಯಮಕ್ಕೂ ಇದಕ್ಕೂ ದೂರ ಬಹಳವಿಲ್ಲ.

ಅದೇ 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನ ಸಂತೆಯಲ್ಲಿ ರೈತರು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಅವರು ಹುಡುಕಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ಓದಲು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳಲ್ಲಿ ಏನಿದೆಯೆಂದು ಕೋರ್ಟಿಗೆ ಹೋದ ಮೇಲೆಯೇ ಅವರಿಗೆ ತಿಳಿಯುತ್ತಿತ್ತು. ದೊಂಬಿ ಅಹಮದ್‌ನಗರಕ್ಕೂ ಹಬ್ಬಿತು. ಅದರ ಫಲವಾಗಿ ಬಂದ 1879ರ ಡೆಕ್ಕನ್ ರೈತರ ಪರಿಹಾರ ಕಾಯ್ದೆಯಲ್ಲಿ ಮೂರು ಒಳ್ಳೆಯ ಅಂಶಗಳಿದ್ದವು. ಕೊಟ್ಟ ಹಣಕ್ಕೆ ರಸೀದಿ ಕೇಳುವ ಹಕ್ಕು. ಹಳ್ಳಿಯ ರಿಜಿಸ್ಟ್ರಾರ್ ಮುಂದೆಯೇ ಪತ್ರ ಬರೆಯುವ ವ್ಯವಸ್ಥೆ. ಕೋರ್ಟಿಗೆ ಹೋಗುವ ಮೊದಲು ಕೂಡಿಸಿ ಮಾತಾಡಿಸುವ ರಾಜಿದಾರರು. 1907ರ ತಿದ್ದುಪಡಿ ಇನ್ನೂ ಮುಖ್ಯ. ರೈತನು ಕಕ್ಷಿಯಾಗಿದ್ದರೆ, ಪತ್ರದಲ್ಲಿ ಕ್ರಯ ಎಂದು ಬರೆದಿದ್ದರೂ ನಿಜವಾಗಿ ನಡೆದದ್ದೇನು ಎಂದು ನ್ಯಾಯಾಧೀಶರು ವಿಚಾರಿಸಬಹುದು, ಬಾಯಿಮಾತಿನ ಸಾಕ್ಷ್ಯವನ್ನೂ ಕೇಳಬಹುದು ಎಂದಿತು ಅದು. ಸಮರ್ಖಂದಿನವರು ಹೇಳಿದ್ದನ್ನು ಬೊಂಬಾಯಿ ಸರ್ಕಾರ ತನ್ನ ದಾರಿಯಲ್ಲಿ ಕಂಡುಕೊಂಡಿತ್ತು.

ನಮ್ಮ ಜಿಲ್ಲೆಯನ್ನು ಆಗ ಕಡೂರು ಜಿಲ್ಲೆ ಎಂದೇ ಕರೆಯುತ್ತಿದ್ದರು. ಅದು ಮೈಸೂರು ಸಂಸ್ಥಾನದಲ್ಲಿತ್ತು. 1876-78ರ ಧಾತು ಈಶ್ವರ ಬರ ಸಂಸ್ಥಾನವನ್ನು ನುಂಗಿಹಾಕಿತ್ತು. ಉಳಿದವರ ಹೊಲಗಳಲ್ಲಿ ಎಷ್ಟೋ ಸಾಲಕ್ಕೆ ಹೋದವು. ಮೈಸೂರು ಸರ್ಕಾರ 1905ರಲ್ಲಿ ಸಹಕಾರ ಸಂಘಗಳ ಕಾನೂನು ಮಾಡಿತು, 1928ರಲ್ಲಿ ಡೆಕ್ಕನ್ ಕಾಯ್ದೆಯ ದಾರಿಯಲ್ಲಿ ತನ್ನದೇ ವ್ಯವಸಾಯಗಾರರ ಪರಿಹಾರ ಕಾಯ್ದೆ ಮಾಡಿತು. 1929ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಶುರುವಾಯಿತು. ಇವತ್ತು ತಾಲ್ಲೂಕುಗಳಲ್ಲಿ ನಾವು ಪಿ.ಎಲ್.ಡಿ. ಬ್ಯಾಂಕ್ ಎಂದು ಕರೆಯುವುದು ಅದೇ ಮರದ ಕೊಂಬೆ. ಅಡಮಾನ ಎಂದರೆ ಅಡಮಾನ ಎಂದೇ ಬರೆಯುವ, ತೀರಿಸಿದ ಮೇಲೆ ಬಿಡುಗಡೆ ಪತ್ರ ಕೊಡುವ ಸಂಸ್ಥೆಯೊಂದು ರೈತನಿಗೆ ಸಿಕ್ಕಿತು. ಅದು ಬಡ್ಡಿಯ ವ್ಯವಹಾರವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಡ್ಡಿಯಿಲ್ಲ ಎನ್ನುತ್ತ ಮನೆಯನ್ನೇ ಬರೆಸಿಕೊಳ್ಳುವವನು ಅದಕ್ಕಿಂತ ಪರಹೇಜ್‌ಗಾರ ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ನಮ್ಮ ಪತ್ರಗಳ ಮೇಲೆ ಇವತ್ತಿಗೂ ಹಿಡಿತವಿರುವುದು 1929ರ ಇನ್ನೊಂದು ಬದಲಾವಣೆಗೆ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿಗೆ ಆಗ ಒಂದು ಮಾತು ಸೇರಿತು: ವಾಪಸ್ ಕೊಡುವ ಷರತ್ತು ಕ್ರಯ ಪತ್ರದ ಒಳಗೇ ಬರೆದಿರದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಎಣಿಸುವಂತಿಲ್ಲ. ಇದು ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಮಾನಿಸಿದ ಬಿಹಾರದ ಒಂದು ಪ್ರಸಿದ್ಧ ಮೊಕದ್ದಮೆಯ ಪತ್ರ ಅದಾಗಿ ಎರಡು ವಾರಕ್ಕೆ, ಏಪ್ರಿಲ್ 15ರಂದು ಬರೆದದ್ದು. ಷರತ್ತು ಅದೇ ಪತ್ರದಲ್ಲಿತ್ತು. ಬಿಡಿಸಿಕೊಳ್ಳಲು ಬಂದವರು ಪಂಡಿತ್ ಚುಂಚುನ್ ಝಾ, ಇದು ಕ್ರಯವೇ ಎಂದು ವಾದಿಸಿದವರು ಶೇಖ್ ಇಬಾದತ್ ಅಲಿ. ಹೊಸ ಕಾನೂನು ಬಂದ ಕೂಡಲೇ ಎರಡನ್ನೂ ಒಂದೇ ಪತ್ರದಲ್ಲಿ ಬರೆದವರು ಅಡಮಾನವನ್ನೇ ಉದ್ದೇಶಿಸಿದ್ದರು ಎಂದು ನ್ಯಾಯಾಲಯ ಹೇಳಿತು, ಜಮೀನು ಬಿಡಿಸಿಕೊಳ್ಳಲು ದಾರಿಯಾಯಿತು. ಸಾಹುಕಾರನೆಂದರೆ ಯಾವಾಗಲೂ ಬೇರೆಯವರು ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅಂಥವರಿಗೆ ಈ ಮೊಕದ್ದಮೆಯ ಹೆಸರನ್ನು ನಾನು ಆಗಾಗ ಹೇಳುತ್ತೇನೆ.

ಈಗ ನಮ್ಮ ಊರುಗಳಲ್ಲಿ ನಡೆಯುವುದನ್ನು ಇದರ ಪಕ್ಕದಲ್ಲಿಡಿ. ಸಾಲ ಕೊಡುವವರು ಬುದ್ಧಿವಂತರು. ಶುದ್ಧ ಕ್ರಯ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸುತ್ತಾರೆ. ವಾಪಸ್ ಬರೆದುಕೊಡುವ ಮಾತು ಇನ್ನೊಂದು ಸ್ಟಾಂಪ್ ಪೇಪರಿನಲ್ಲಿ, ಇಲ್ಲವೇ ಬರೀ ಬಾಯಲ್ಲಿ. ಕೆಲವು ಸಲ ಆ ಎರಡನೇ ಕಾಗದವೂ ಸಾಲ ಕೊಟ್ಟವರ ಬೀರುವಿನಲ್ಲೇ ಇರುತ್ತದೆ. ಸಾಲ ಪಡೆದವರು ಮನೆಯಲ್ಲೇ ವಾಸವಿರುತ್ತಾರೆ, ತಿಂಗಳಿಗಿಷ್ಟು 'ಬಾಡಿಗೆ' ಕಟ್ಟುತ್ತಾರೆ. ತಮ್ಮದೇ ಮನೆಗೆ ಬಾಡಿಗೆ! ಬಡ್ಡಿ ಎಂಬ ಶಬ್ದ ಎಲ್ಲೂ ಬಂದಿಲ್ಲವಾದ್ದರಿಂದ ಎರಡೂ ಕಡೆಯವರಿಗೆ ಸಮಾಧಾನ. ಐದಾರು ವರ್ಷದಲ್ಲಿ ಜಾಗದ ಬೆಲೆ ಏರುತ್ತದೆ, ಖಾತೆ ಬದಲಾಗುತ್ತದೆ, ಆಗ ಕೊಟ್ಟ ಮಾತು ನೆನಪಿಗೆ ಬರುವುದಿಲ್ಲ.

1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದಾಗ ಈ ವ್ಯತ್ಯಾಸದ ಬಿಸಿ ಬಡವರಿಗೆ ತಟ್ಟಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ವರ್ಷಕ್ಕೆ 2400 ರೂಪಾಯಿಗಿಂತ ಕಡಿಮೆ ಆದಾಯದ ದುರ್ಬಲರ ಖಾಸಗಿ ಸಾಲ ಮನ್ನಾ ಆಯಿತು. ಗಿರವಿಯ ಒಡವೆ, ಪಾತ್ರೆ ವಾಪಸ್, ಅಡಮಾನದ ಆಸ್ತಿ ಬಿಡುಗಡೆ. ಬ್ಯಾಂಕು, ಸಹಕಾರ ಸಂಘದ ಸಾಲ ಇದರಲ್ಲಿ ಸೇರಿರಲಿಲ್ಲ. ಆದರೆ ಕಾನೂನು ಬಿಡುಗಡೆ ಮಾಡಿದ್ದು ಅಡಮಾನವನ್ನು. ಪತ್ರದಲ್ಲಿ ಕ್ರಯ ಎಂದಿದ್ದವರು ಅದು ಸಾಲವೆಂದು ಮೊದಲು ಸಾಬೀತು ಮಾಡಬೇಕಿತ್ತು. 2019ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಋಣ ಪರಿಹಾರ ಕಾಯ್ದೆಯಲ್ಲೂ ಉಪವಿಭಾಗಾಧಿಕಾರಿಗಳ ಮುಂದೆ ಕಾಗದ ಹಿಡಿದು ನಿಲ್ಲಬೇಕಾಗಿ ಬಂತು.

ಜಗಳ ಬಂದ ಮೇಲೆ ಏನು ಮಾಡಬೇಕು? ಬುಖಾರಿಯಲ್ಲಿ ಒಂದು ಘಟನೆಯಿದೆ. ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಇಬ್ನ್ ಅಬೀ ಹದ್‌ರದ್(ರ) ಅವರಲ್ಲಿ ಮಸ್ಜಿದ್ ಒಳಗೇ ಕೇಳಿದರು. ಮಾತಿಗೆ ಮಾತು ಬೆಳೆದು ದನಿ ಏರಿತು. ಮನೆಯೊಳಗಿದ್ದ ಪ್ರವಾದಿವರ್ಯರು(ಸ) ಪರದೆ ಸರಿಸಿ ಕಅಬ್‌ರನ್ನು ಕರೆದು, ಅರ್ಧ ಬಿಟ್ಟುಬಿಡು ಎಂದು ಕೈಯಲ್ಲಿ ಸನ್ನೆ ಮಾಡಿದರು. ಅವರು ಒಪ್ಪಿದರು. ಆಮೇಲೆ ಇನ್ನೊಬ್ಬರ ಕಡೆ ತಿರುಗಿ, ಏಳು, ಉಳಿದದ್ದನ್ನು ಕೊಟ್ಟು ತೀರಿಸು ಎಂದರು. ರಿಯಾಯಿತಿ ಕೊಡಿಸುವಾಗ ನಮ್ಮ ಪಂಚಾಯಿತಿಗಳು ಮೊದಲ ಅರ್ಧವನ್ನು ಚೆನ್ನಾಗಿ ನೆನಪಿಡುತ್ತವೆ, ಎರಡನೆಯದನ್ನು ಮರೆಯುತ್ತವೆ. ಬಿಟ್ಟುಕೊಟ್ಟವನಿಗೆ ಉಳಿದ ಹಣ ಅಂದೇ ಸಿಗಬೇಕು. ವಾಯಿದೆ ಹಾಕಿ ಕಳಿಸಿದ ಎಷ್ಟೋ ರಾಜಿಗಳು ಮುಂದಿನ ರಮಜಾನ್ ಒಳಗೆ ಮುರಿದುಬಿದ್ದದ್ದನ್ನು ನೋಡಿದ್ದೇನೆ.

ನಮ್ಮ ಭಾಗದ ಒಂದು ಜಮಾಅತ್‌ನಲ್ಲಿ ಇಂಥದೇ ಮನೆಯ ವ್ಯಾಜ್ಯ ಬಂದಿತ್ತು. ಸಾಲ ಕೊಟ್ಟವರಿಗೆ ನಾನು ಕೇಳಿದ್ದು ಒಂದೇ: "ಭಾಯ್, ನೀವು ಕೊಂಡಿದ್ದರೆ ಕೊಂಡ ದಿನ ಆ ಮನೆಯ ಬೆಲೆ ಎಷ್ಟಿತ್ತು? ನೀವು ಕೊಟ್ಟದ್ದೆಷ್ಟು?" ಕೊಟ್ಟದ್ದು ಬೆಲೆಯ ಕಾಲುಭಾಗಕ್ಕೂ ಕಡಿಮೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ನ್ಯಾಯಾಲಯಗಳೂ ಕೇಳುವ ಪ್ರಶ್ನೆ ಅದೇ. ಬೆಲೆ ತೀರಾ ಕಡಿಮೆಯೇ, ಮನೆಯಲ್ಲಿ ಯಾರಿದ್ದರು, ಕಂದಾಯ ಯಾರು ಕಟ್ಟಿದರು? ಅಲ್ಲಿ ಮುತವಲ್ಲಿ ಸಾಹೇಬರು ತಾಳ್ಮೆಯಿಂದ ಮೂರು ವಾರ ಕೂರಿಸಿ ಮಾತಾಡಿಸಿದರು. ಕಟ್ಟಿದ 'ಬಾಡಿಗೆ'ಯನ್ನು ಅಸಲಿಗೆ ಹಿಡಿದು, ಉಳಿದ ಹಣ ಕೊಟ್ಟು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ವಾಪಸ್ ಕ್ರಯವಾಯಿತು.

ಆ ಕೊನೆಯ ಹೆಜ್ಜೆ ಬಿಟ್ಟರೆ ರಾಜಿಗೆ ಬೆಲೆಯಿಲ್ಲ. ಜಮಾಅತ್‌ನ ಲೆಟರ್‌ಹೆಡ್‌ನಲ್ಲಿ ಬರೆದು ಸೀಲು ಒತ್ತಿದರೆ ಮನೆಯ ಹಕ್ಕು ಬದಲಾಗುವುದಿಲ್ಲ, ರಿಜಿಸ್ಟರ್ ಆಗಲೇಬೇಕು. ಇಬ್ಬರೂ ಒಪ್ಪಿದ್ದರೆ ಕಡೂರು, ತರೀಕೆರೆಯ ನ್ಯಾಯಾಲಯಗಳಲ್ಲಿ ನಡೆಯುವ ಲೋಕ ಅದಾಲತ್‌ನಲ್ಲಿ ರಾಜಿಯನ್ನು ದಾಖಲಿಸಬಹುದು. ಅದಕ್ಕೆ ಸಿವಿಲ್ ಡಿಕ್ರಿಯ ಬಲವಿದೆ, ಮೇಲ್ಮನವಿಯ ಕಾಟವಿಲ್ಲ. ವಕೀಲರ ಫೀಜು ಕೊಡಲಾಗದ ಹೆಣ್ಣುಮಕ್ಕಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಮನೆ ಪತ್ರ ಇಟ್ಟವರ ದೂರು ಬೇರೆ: ಹೇಳಿದ ದರ ಒಂದು, ಹಾಕಿದ ದರ ಇನ್ನೊಂದು. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಪುಟವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5000 ರೂಪಾಯಿ ಪರಿಹಾರ, ಇದು 2023ರ ಡಿಸೆಂಬರ್ 1ರಿಂದ ಇದೆ. ದೂರನ್ನು ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಕಂತು ನಿಂತು ಸಾಲ ತೀರಿಸಿ ಎಂಬ ನೋಟಿಸು ಬಂದಿದ್ದರೆ ಅದನ್ನು ಮಡಚಿ ಕಪಾಟಿಗೆ ಹಾಕಬೇಡಿ. 2002ರ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ಗಡುವಿದೆ. ಅಷ್ಟರೊಳಗೆ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದಲ್ಲಿ ಅವರು ಕಾರಣ ಸಹಿತ ಉತ್ತರಿಸಬೇಕು.

ಕೈಸಾಲಕ್ಕೆ ಬರೆದ ಹಳೆಯ ಪತ್ರಗಳ ವಿಷಯದಲ್ಲಿ ದಿನಾಂಕ ಬಹಳ ಮುಖ್ಯ. ವಾಪಸಿನ ಷರತ್ತು ಕ್ರಯ ಪತ್ರದ ಒಳಗೇ ಇದ್ದು ಅದು ಅಡಮಾನವೆಂದಾದರೆ, ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷವಿದೆ. ಷರತ್ತು ಬೇರೆ ಕರಾರಿನಲ್ಲಿದ್ದರೆ ಅದನ್ನು ಜಾರಿ ಮಾಡಿಸಲು 3 ವರ್ಷ ಮಾತ್ರ. ಕರಾರಿನಲ್ಲಿ ತಾರೀಖು ಬರೆದಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಕೊಡುವುದಿಲ್ಲ ಎಂದದ್ದು ನಿಮಗೆ ತಿಳಿದ ದಿನದಿಂದ ಎಣಿಕೆ. ಆದ್ದರಿಂದ ಟ್ರಂಕಿನಲ್ಲಿಟ್ಟ ಪತ್ರವನ್ನು ಈ ವಾರವೇ ಹೊರತೆಗೆದು ಓದಿಸಿ. ಎರಡನೇ ಕಾಗದ ನಿಮ್ಮ ಬಳಿ ಇಲ್ಲದಿದ್ದರೆ ಅಂದು ಸಾಕ್ಷಿ ಕೂತಿದ್ದ ಹಿರಿಯರು ಯಾರು ಯಾರೆಂದು ಬರೆದಿಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಇ.ಸಿ. ಮತ್ತು ಪತ್ರದ ದೃಢೀಕೃತ ನಕಲು ತೆಗೆಸಿ. ಜುಮಾ ಬಳಿಕ ಬರುವವರು ಅವೆರಡನ್ನೂ ಜೊತೆಗೆ ತನ್ನಿ.